ಬಿಡುವುದೂ ಮರೆಯುವುದೂ ಒಂದೇನಾ?



*ಇಂದಿನ ಚಿಂತನೆ*

ಭಾನುವಾರದ ಓದಿಗೆ ಬರುವವರಿಗೆಲ್ಲ ಗೊತ್ತಿರುವ ಸಮಾಚಾರ: ನಮ್ಮ ಸೂಲಿಬೆಲೆ ಬಳಗದ ಟ್ಯಾಬ್ ಈಗ ನಡೆಯುತ್ತಿಲ್ಲ, ತೆವಳುತ್ತಿದೆ. ಎಲ್ಲರೂ ಕೈಲಾದಷ್ಟು ಹಾಕಿ ಕೊಂಡದ್ದು ಅದು. ಬಾಬಾಸಾಹೇಬರ ಬರಹಗಳ ಸಂಪುಟಗಳು, ಧಮ್ಮ ಪ್ರವಚನದ ವಿಡಿಯೊಗಳು, ಮಕ್ಕಳ ಪಾಠ, ಬಳಗದ ಫೋಟೊಗಳು, ಎಲ್ಲಕ್ಕೂ ಅದೊಂದೇ. ಈಗ ಒಂದು ಪುಟ ತೆರೆಯುವಷ್ಟರಲ್ಲಿ ತಿಸರಣ, ಪಂಚಶೀಲ ಎರಡನ್ನೂ ಹೇಳಿ ಮುಗಿಸಬಹುದು.

ಏನು ಮಾಡೋಣ ಎಂದು ಕೇಳಿದಾಗ ಎರಡು ಮಾತು ಬಂದವು. ಹೊಸಕೋಟೆ ಕಡೆಯ ಗೋದಾಮಿನಲ್ಲಿ ರಾತ್ರಿ ಪಾಳಿ ಮುಗಿಸಿ ನೇರವಾಗಿ ಓದಿಗೆ ಬರುವ ಹುಡುಗನೊಬ್ಬ, "ಮೇಷ್ಟ್ರೇ, ಸುಮ್ನೆ ಫ್ಯಾಕ್ಟರಿ ರೀಸೆಟ್ ಹೊಡೆದುಬಿಡಣ. ಎಲ್ಲಾ ಅನಿತ್ಯ ಅಂತ ಬುದ್ಧರೇ ಹೇಳವ್ರೆ. ಹಳೇದನ್ನ ಹಿಡ್ಕಂಡು ಏನ್ ಮಾಡದು?" ಅಂದ. ಹಿಂದೆ ಗೋಡೆಗೆ ಒರಗಿ ಕೂತಿದ್ದ ಹಿರಿಯ ಉಪಾಸಿಕೆಯೊಬ್ಬರು, "ಬ್ಯಾಡ ಕಣಪ್ಪ. ಅದ್ರಲ್ಲಿ ನಮ್ಮತ್ತೆ ಮಾತಾಡವ್ರೆ. ಈಗ ಅವ್ರು ಎಲ್ಲವ್ರೆ? ಮಿಕ್ಕಿದ್ದೆಲ್ಲ ತೆಗೆದಾಕು, ಅದೊಂದ ಬುಡು" ಅಂದರು.

ಇಬ್ಬರ ಮಾತಿನಲ್ಲೂ ಧಮ್ಮವಿದೆ. ಹುಡುಗನ ಮಾತಿನಲ್ಲಿ ಅಂಟಿಕೊಳ್ಳಬಾರದು ಎಂಬ ತಿಳಿವಿದೆ. ಅಮ್ಮನ ಮಾತಿನಲ್ಲಿ ಮರೆಯಬಾರದು ಎಂಬ ಹೊಣೆಯಿದೆ. ಎರಡೂ ಸರಿಯಾದರೆ ಟ್ಯಾಬ್ ಹಿಡಿದು ಕೂತವನು ಏನು ಮಾಡಬೇಕು? ಯಂತ್ರದಿಂದಲೇ ಶುರು ಮಾಡೋಣ.

*ಮೇಜು ಮತ್ತು ಬೀರು*

ಟ್ಯಾಬಿನಲ್ಲಿ ನಾವು "ಮೆಮೊರಿ" ಎನ್ನುವುದು ಎರಡು ಬಗೆ. ಒಂದು ರ‍್ಯಾಮ್. ಇನ್ನೊಂದು ಸ್ಟೋರೇಜ್. ಶಾಲೆಯ ಸ್ಟಾಫ್ ರೂಮನ್ನು ನೆನೆದುಕೊಳ್ಳಿ. ರ‍್ಯಾಮ್ ಎಂದರೆ ಮೇಷ್ಟ್ರ ಮುಂದಿನ ಮೇಜು. ಈಗ ತಿದ್ದುತ್ತಿರುವ ಪುಸ್ತಕ, ಈಗ ಬರೆಯುತ್ತಿರುವ ಹಾಜರಿ ಮಾತ್ರ ಅದರ ಮೇಲಿರುತ್ತದೆ. ಕರೆಂಟು ಹೋದರೆ, ಟ್ಯಾಬ್ ಆಫ್ ಆದರೆ ಮೇಜು ಖಾಲಿ. ಸ್ಟೋರೇಜ್ ಎಂದರೆ ಗೋಡೆ ಪಕ್ಕದ ಬೀರು. ವರ್ಷಗಟ್ಟಲೆಯ ದಾಖಲೆ ಅಲ್ಲಿ ಇರುತ್ತದೆ. ಆಫ್ ಮಾಡಿದರೂ ಉಳಿಯುತ್ತದೆ.

ಮೇಜು ಚಿಕ್ಕದಿದ್ದು ಏಕಕಾಲಕ್ಕೆ ಹತ್ತು ಕೆಲಸ ಹರಡಿಕೊಂಡರೆ ನಿಧಾನವಾಗುತ್ತದೆ. ಬೀರು ಕಂಠಮಟ್ಟ ತುಂಬಿದರೂ ನಿಧಾನವಾಗುತ್ತದೆ. ಯಾಕೆಂದರೆ ಟ್ಯಾಬಿನ ಫ್ಲ್ಯಾಶ್ ಚಿಪ್ಪಿನಲ್ಲಿ ಬರೆದದ್ದರ ಮೇಲೆಯೇ ಮತ್ತೆ ಬರೆಯಲು ಆಗುವುದಿಲ್ಲ. ಮೊದಲು ಒಂದಿಡೀ ಭಾಗವನ್ನು ಅಳಿಸಿ, ಆಮೇಲೆ ಬರೆಯಬೇಕು. ಖಾಲಿ ಜಾಗ ಇದ್ದರೆ ಅದು ಸಲೀಸು. ಇಲ್ಲದಿದ್ದರೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಸಾಮಾನು ಸರಿಸುತ್ತಲೇ ಇರಬೇಕು. ನಮ್ಮ ಟ್ಯಾಬಿನ ಕಾಯಿಲೆ ಇದು. 32 ಜಿಬಿಯಲ್ಲಿ ಒಂದಷ್ಟು ಜಾಗ ಆಂಡ್ರಾಯ್ಡ್‌ಗೇ ಬೇಕು. ಉಳಿದದ್ದು ಪೂರಾ ತುಂಬಿದೆ.

ಏನು ತುಂಬಿದೆ ಎಂದು ಕೂತು ನೋಡಿದೆ. ಹೂವಿನ ನಡುವೆ ಬುದ್ಧರ ಚಿತ್ರ ಇಟ್ಟು "ಗುಡ್ ಮಾರ್ನಿಂಗ್" ಎಂದು ಬರೆದ ಪಟಗಳು ನೂರಾರು. ಏಪ್ರಿಲ್ 14ರ ಶುಭಾಶಯದ ಪೋಸ್ಟರ್ ಒಂದೇ, ಬೇರೆ ಬೇರೆ ಗುಂಪಿನಿಂದ ಬಂದು ಹಲವು ಸಲ ಕೂತಿದೆ. ಒಂದೇ ಭಾಷಣದ ವಿಡಿಯೊ ಮೂರು ಸಲ. ಇವು ಯಾವುವನ್ನೂ ನಾವು ಕೇಳಿ ತರಿಸಿಕೊಂಡದ್ದಲ್ಲ. ತಾವಾಗಿ ಬಂದು ಇಳಿದವು. ಇವುಗಳ ಅಡಿಯಲ್ಲಿ, ಒಂದು ಮೂಲೆಯಲ್ಲಿ, ಆ ಅಮ್ಮನ ಅತ್ತೆಯ ದನಿ ಇದೆ. ಬಾವಿಯಿಂದ ದೂರ ನಿಂತು, ಯಾರಾದರೂ ಮೇಲಿನಿಂದ ಕೊಡಕ್ಕೆ ನೀರು ಹುಯ್ಯುವ ತನಕ ಕಾಯುತ್ತಿದ್ದ ದಿನಗಳನ್ನು ಅವರು ಹೇಳಿದ್ದಾರೆ. ಬರೀ ದನಿಯಾದ್ದರಿಂದ ವಿಡಿಯೊಗಳ ಮುಂದೆ ಅದು ತೀರಾ ಸಣ್ಣ ಫೈಲು. ಅತಿ ಹೆಚ್ಚು ಬೆಲೆ ಬಾಳುವುದು ಅತಿ ಕಡಿಮೆ ಜಾಗ ಹಿಡಿದಿದೆ.

*ತೆಪ್ಪವನ್ನು ಏನು ಮಾಡಬೇಕು?*

"ಬಿಟ್ಟುಬಿಡು" ಎಂಬುದಕ್ಕೆ ನಾವೆಲ್ಲ ಮೊದಲು ನೆನೆಯುವುದು ತೆಪ್ಪದ ಹೋಲಿಕೆಯನ್ನು. ಮಜ್ಝಿಮ ನಿಕಾಯದ ಅಲಗದ್ದೂಪಮ ಸುತ್ತದಲ್ಲಿ ಅದು ಬರುತ್ತದೆ. ಒಬ್ಬ ಮನುಷ್ಯ ಹೊಳೆಯ ಈ ದಡದ ಅಪಾಯದಿಂದ ಪಾರಾಗಲು ಕಡ್ಡಿ, ಹುಲ್ಲು, ರೆಂಬೆ ಸೇರಿಸಿ ತೆಪ್ಪ ಕಟ್ಟುತ್ತಾನೆ. ಕೈಕಾಲು ಬಡಿದು ಆ ದಡ ಸೇರುತ್ತಾನೆ. ಇಷ್ಟು ಉಪಕಾರ ಮಾಡಿತಲ್ಲ ಎಂದು ಅದನ್ನು ತಲೆಯ ಮೇಲೆ ಹೊತ್ತುಕೊಂಡು ಹೋದರೆ ಅದು ಸರಿಯಾದ ನಡೆಯೇ ಎಂದು ಬುದ್ಧರು ಭಿಕ್ಖುಗಳನ್ನು ಕೇಳುತ್ತಾರೆ. ಅಲ್ಲ ಎನ್ನುತ್ತಾರೆ ಅವರು.

ನಾವು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ, "ಆದ್ದರಿಂದ ಎಸೆಯಬೇಕು" ಎಂದುಬಿಡುತ್ತೇವೆ. ಸುತ್ತದಲ್ಲಿ ಇನ್ನೂ ಒಂದು ಹೆಜ್ಜೆ ಇದೆ. ದಾಟಿದವನು ಏನು ಮಾಡಿದರೆ ಸರಿ ಎಂಬುದಕ್ಕೆ ಬುದ್ಧರು ಎರಡು ದಾರಿ ಹೇಳುತ್ತಾರೆ: ತೆಪ್ಪವನ್ನು ನೀರಿನಲ್ಲಿ ತೇಲಿಬಿಡಬಹುದು, ಇಲ್ಲವೇ ದಡದ ಮೇಲೆ ಎಳೆದಿಟ್ಟು ತನ್ನ ದಾರಿ ಹಿಡಿಯಬಹುದು. ದಡದ ಮೇಲೆ ಇಡುವುದೂ ಬಿಡುವುದೇ. ಅದು ತಲೆಯ ಮೇಲಿಲ್ಲ, ಆದರೆ ನಾಶವೂ ಆಗಿಲ್ಲ. ಹಿಂದೆ ಬರುವವರ ಕೈಗೆ ಸಿಗುವಂತೆ ಇದೆ.

ಸುತ್ತದ ಮುಖ್ಯ ಉದ್ದೇಶ ಧಮ್ಮವನ್ನೂ ಹಟದಿಂದ ಹಿಡಿದುಕೊಳ್ಳಬಾರದು ಎಂದು ತಿಳಿಸುವುದು. ಆದರೂ ನಮ್ಮಂಥವರಿಗೆ ಈ ಎರಡನೇ ದಾರಿ ಬಹಳ ಬೇಕಾದದ್ದು. ನಾವು ಕೆಲವರು ದಾಟಿದ್ದೇವೆ. ಓದಿದ್ದೇವೆ, ಸಂಬಳ ಎಣಿಸುತ್ತಿದ್ದೇವೆ. ನಡು ಹೊಳೆಯಲ್ಲಿ ಇರುವವರು ಇನ್ನೂ ಎಷ್ಟೋ ಜನ. ದಾಟಿದವನು ತೆಪ್ಪವನ್ನು ತೇಲಿಬಿಡುವ ಮುಂಚೆ ಒಮ್ಮೆ ಹಿಂತಿರುಗಿ ನೋಡಬೇಕು.

*ಸತಿ ಎಂದರೆ ನೆನಪು*

ಪದದ ಬೇರು ಕೆದಕುವುದು ಕನ್ನಡ ಮೇಷ್ಟ್ರ ಚಾಳಿ, ಸಹಿಸಿಕೊಳ್ಳಿ. ನಾವು ಧ್ಯಾನದಲ್ಲಿ "ಸತಿ" ಎನ್ನುತ್ತೇವೆ. ಕನ್ನಡದಲ್ಲಿ ಸತಿ ಎಂದರೆ ಹೆಂಡತಿ, ಹಾಗಾಗಿ ಹೊಸಬರು ಮೊದಮೊದಲು ನಗುತ್ತಾರೆ. ಪಾಲಿಯ ಸತಿ ಬೇರೆ. ಅದು ಸಂಸ್ಕೃತದ "ಸ್ಮೃತಿ" ಎಂಬುದರ ಪಾಲಿ ರೂಪ. ಎರಡಕ್ಕೂ ಒಂದೇ ಧಾತು, ಅರ್ಥ ನೆನೆಯುವುದು. ನಾವು "ಎಚ್ಚರ" ಎಂದು ಅನುವಾದಿಸುವ ಆ ಮಾತಿನ ಹೊಟ್ಟೆಯಲ್ಲಿ ನೆನಪು ಕೂತಿದೆ. ಎಚ್ಚರವಾಗಿರುವುದು ಎಂದರೆ ಏನು ಮಾಡುತ್ತಿದ್ದೇನೆ, ಯಾಕೆ ಮಾಡುತ್ತಿದ್ದೇನೆ ಎಂಬುದನ್ನು ಮರೆಯದಿರುವುದು. ಸಮ್ಮಾ ಸತಿ ಅಷ್ಟಾಂಗ ಮಾರ್ಗದ ಒಂದು ಅಂಗ. ಹಾಗಿರುವಾಗ ಬೌದ್ಧರಾಗುವುದೆಂದರೆ ಹಿಂದಿನದನ್ನು ಮರೆಯುವುದು ಎಂದರೆ ಹೇಗೆ ಒಪ್ಪುವುದು?

ಅದೇ ಧಾತುವಿನಿಂದ ಬಂದ ಇನ್ನೊಂದು ಪುಸ್ತಕದ ಹೆಸರು ನಮಗೆ ಚೆನ್ನಾಗಿ ಗೊತ್ತು: ಮನುಸ್ಮೃತಿ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಅದನ್ನು ಸುಟ್ಟರು. ಇಂದಿನ ಭಾಷೆಯಲ್ಲಿ ಅದೊಂದು ದೊಡ್ಡ ಡಿಲೀಟ್. ಆದರೆ ಸುಟ್ಟ ಮೇಲೆ ಬಾಬಾಸಾಹೇಬರು ಅದನ್ನು ಓದುವುದನ್ನು ನಿಲ್ಲಿಸಿದರೇ? ಇಲ್ಲ. 1946ರ "ಶೂದ್ರರು ಯಾರು?" ಪುಸ್ತಕದಲ್ಲಿ ಮನುವಿನ ಕಟ್ಟಳೆಗಳನ್ನು ಮುಂದಿಟ್ಟುಕೊಂಡೇ ವಾದ ಕಟ್ಟಿದರು. ಅವರು ಅಳಿಸಿದ್ದು ಆ ಪುಸ್ತಕಕ್ಕೆ ನಮ್ಮ ಬದುಕಿನ ಮೇಲಿದ್ದ ಅಧಿಕಾರವನ್ನು. ಅದರೊಳಗೆ ಏನು ಬರೆದಿತ್ತು ಎಂಬ ದಾಖಲೆಯನ್ನು ಜೋಪಾನವಾಗಿ ಇಟ್ಟುಕೊಂಡರು. ಬಿಡುವುದಕ್ಕೂ ಮರೆಯುವುದಕ್ಕೂ ಇರುವ ಅಂತರಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

*ಬೀರುವಿನಲ್ಲಿರಲಿ, ಮೇಜಿನ ಮೇಲೆ ಬೇಡ*

ಇಲ್ಲಿ ಹುಡುಗನ ಪರವಾಗಿ ಒಂದು ಮಾತು ಹೇಳಬೇಕು. ನೆನಪು ಭಾರವೂ ಹೌದು. ಯಾರೋ ಆಡಿದ ಒಂದು ಮಾತು, ಮದುವೆ ಊಟದಲ್ಲಿ ಬೇರೆ ಪಂಕ್ತಿಗೆ ಕಳಿಸಿದ ಒಂದು ಗಳಿಗೆ, ಬಾಡಿಗೆ ಮನೆ ಕೇಳಿದಾಗ "ನೀವು ಯಾವ ಪೈಕಿ?" ಎಂದ ಪ್ರಶ್ನೆ, ಇವು ತಲೆಯೊಳಗೆ ದಿನವಿಡೀ ಓಡುತ್ತಿದ್ದರೆ ಮನುಷ್ಯ ಸುಸ್ತಾಗುತ್ತಾನೆ. ಮಕ್ಕಳ ಮೇಲೆ ರೇಗುತ್ತಾನೆ. ಟ್ಯಾಬಿನಲ್ಲೂ ಹೀಗೆಯೇ. ಕಣ್ಣಿಗೆ ಕಾಣದಂತೆ ಹಿನ್ನೆಲೆಯಲ್ಲಿ ಓಡುತ್ತಿರುವ ಆ್ಯಪ್‌ಗಳು ಬ್ಯಾಟರಿ ತಿನ್ನುತ್ತವೆ, ಮೇಜನ್ನು ತುಂಬುತ್ತವೆ.

ಇದಕ್ಕೆ ಬಾಬಾಸಾಹೇಬರ "ವೇಟಿಂಗ್ ಫಾರ್ ಎ ವೀಸಾ" ಎಂಬ ಸಣ್ಣ ಬರಹವನ್ನು ನೋಡಬೇಕು. 1901ರಲ್ಲಿ, ಒಂಬತ್ತು ವರ್ಷದ ಹುಡುಗನಾಗಿದ್ದಾಗ, ಸಾತಾರದಿಂದ ತಂದೆಯಿದ್ದ ಊರಿಗೆ ರೈಲಿನಲ್ಲಿ ಹೊರಟದ್ದನ್ನು ಅದರಲ್ಲಿ ಬರೆದಿದ್ದಾರೆ. ಹೊಸ ಬಟ್ಟೆ, ಹೊಸ ಟೋಪಿ, ಹೊಸ ಬೂಟು. ಮಸೂರು ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಜಾತಿ ಗೊತ್ತಾದ ಮೇಲೆ ಗಾಡಿಯವರು ಒಲ್ಲೆ ಎಂದರು. ಕೊನೆಗೆ ಒಬ್ಬ, ದುಪ್ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಗಾಡಿ ಹೊಡೆದರೆ ತಾನು ನಡೆದು ಬರುತ್ತೇನೆ ಎಂದು ಒಪ್ಪಿದ. ಬುತ್ತಿ ಇತ್ತು, ಕುಡಿಯಲು ನೀರು ಕೊಡುವವರಿಲ್ಲ. ರಾತ್ರಿ ಹಸಿದೇ ಮಲಗಿದರು.

ಮೂರು ದಶಕಕ್ಕೂ ಹೆಚ್ಚು ಕಾಲವಾದ ಮೇಲೆ ಬಾಬಾಸಾಹೇಬರು ಅದನ್ನು ಬರೆದರು. ಬಟ್ಟೆಯ ಅಂಚಿನ ತನಕ ನೆನಪಿದೆ. ಬೈಗುಳ ಇಲ್ಲ, ಗೋಳಾಟ ಇಲ್ಲ. ಆ ನಡುವೆ ಅವರು ಕೊಲಂಬಿಯಾದಲ್ಲಿ ಓದಿದರು, ಲಂಡನ್ನಿನಲ್ಲಿ ಓದಿದರು, ಪತ್ರಿಕೆ ನಡೆಸಿದರು, ಚವದಾರ ಕೆರೆಯ ನೀರು ಮುಟ್ಟಿದರು. ಆ ರಾತ್ರಿಯ ಹಸಿವು ಅವರ ಮೇಜಿನ ಮೇಲೆ ಸದಾ ಹರಡಿಕೊಂಡಿದ್ದರೆ ಇಷ್ಟು ಕೆಲಸ ಆಗುತ್ತಿರಲಿಲ್ಲ. ಬೀರುವಿನಿಂದಲೇ ಅಳಿಸಿಹೋಗಿದ್ದರೆ ಆ ಬರಹ ಹುಟ್ಟುತ್ತಿರಲಿಲ್ಲ. ಬೇಕಾದಾಗ ತೆಗೆದು, ಧೂಳು ಒರೆಸಿ, ಓದುವವರ ಮುಂದೆ ಇಟ್ಟರು. ನೆನಪನ್ನು ಹೀಗೆ ಇಟ್ಟುಕೊಳ್ಳುವುದು ಒಂದು ಸಾಧನೆ.

ಅದೇ ಬರಹದಲ್ಲಿ ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಶಾಲಾ ಮೇಷ್ಟ್ರ ಪತ್ರವನ್ನೂ ಸೇರಿಸಿದ್ದಾರೆ. ಅದು 1929ರ ಡಿಸೆಂಬರ್ 12ರ "ಯಂಗ್ ಇಂಡಿಯಾ" ಪತ್ರಿಕೆಯಲ್ಲಿ ಬಂದಿತ್ತು. ಬಾಣಂತಿ ಹೆಂಡತಿಗೆ ಜ್ವರ. ಡಾಕ್ಟರು ಅವರ ಮನೆಯೊಳಗೆ ಬರಲಿಲ್ಲ. ಥರ್ಮಾಮೀಟರನ್ನು ಮೂರನೆಯವರ ಕೈಯಿಂದ ದಾಟಿಸಿ ಜ್ವರ ನೋಡಿದರು. ಆಮೇಲೆ ಬರಲೂ ಇಲ್ಲ. ಆಕೆ ತೀರಿಕೊಂಡರು. ತೊಂದರೆಯಾದೀತೆಂಬ ಭಯದಿಂದ ಆ ಮೇಷ್ಟ್ರು ಹೆಸರು ಬೇಡ ಎಂದರು. ಅವರ ಹೆಸರು ಇಂದಿಗೂ ನಮಗೆ ಸಿಗುವುದಿಲ್ಲ, ಅವರ ಸಾಕ್ಷಿ ಮಾತ್ರ ಉಳಿದಿದೆ. ಒಂದು ಪತ್ರಿಕೆಯ ತುಣುಕನ್ನು ಬಾಬಾಸಾಹೇಬರು ಎತ್ತಿಡದೆ ಹೋಗಿದ್ದರೆ ಸೂಲಿಬೆಲೆಯಲ್ಲಿ ಕೂತ ನಾವು ಆ ಹೆಣ್ಣುಮಗಳಿಗಾಗಿ ಒಂದು ನಿಮಿಷ ಮೌನವಾಗುವುದು ಹೇಗೆ ಸಾಧ್ಯವಿತ್ತು? ಬಾಬಾಸಾಹೇಬರ ಕೈಬರಹದಲ್ಲಿದ್ದ ಇಡೀ ಬರಹ ಪುಸ್ತಿಕೆಯಾಗಿ ಅಚ್ಚಾದದ್ದು 1990ರಲ್ಲಿ, ಅವರ ಪರಿನಿಬ್ಬಾಣದ 34 ವರ್ಷದ ನಂತರ. ಅಷ್ಟು ವರ್ಷ ಆ ಹಾಳೆಗಳನ್ನು "ಹಳೇ ಪೇಪರು" ಎಂದು ಯಾರೂ ತೂಕಕ್ಕೆ ಹಾಕಲಿಲ್ಲ.

*"ಹಳೇದು ಯಾಕೆ?" ಎನ್ನುವವರು*

"ಹಳೇ ಕತೆ ಯಾಕೆ ಸ್ವಾಮಿ? ಈಗ ಯಾರು ಜಾತಿ ನೋಡ್ತಾರೆ?" ಎಂಬ ಮಾತು ಹೊರಗಿನಿಂದಲೂ ನಮ್ಮ ಕಿವಿಗೆ ಬೀಳುತ್ತದೆ. ಕೆಲವೊಮ್ಮೆ ಅದಕ್ಕೆ ಅನಿತ್ಯ, ಕ್ಷಮೆ ಎಂಬ ಬೌದ್ಧ ಪದಗಳನ್ನೇ ತೊಡಿಸಿರುತ್ತಾರೆ. ಅವರು ತಮ್ಮ ಮನೆಯ ಪಹಣಿಯನ್ನು ಅನಿತ್ಯ ಎಂದು ಹರಿದು ಹಾಕುತ್ತಾರೆಯೇ? ಖಾತೆ, ವಂಶವೃಕ್ಷ, ಅಜ್ಜನ ಕಾಲದ ಕ್ರಯಪತ್ರ ಎಲ್ಲ ಕಬ್ಬಿಣದ ಪೆಟ್ಟಿಗೆಯಲ್ಲಿ ಭದ್ರ. ಆಸ್ತಿಯ ದಾಖಲೆ ಇದ್ದವರು ಮರೆವನ್ನು ಬೋಧಿಸುವುದು ಸುಲಭ. ಬರೀ ನೆನಪನ್ನೇ ದಾಖಲೆಯಾಗಿ ಉಳ್ಳವರು ಅದನ್ನೂ ಕೊಟ್ಟುಬಿಟ್ಟರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ನಮಗೆ ದೂರವೇನಲ್ಲದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯನ್ನು ನೆನೆಯೋಣ. 2000ದ ಮಾರ್ಚ್ 11ರಂದು ಅಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು. ಸಾಕ್ಷಿಗಳು ತಿರುಗಿ ನಿಂತಿದ್ದರು. 2014ರಲ್ಲಿ ಹೈಕೋರ್ಟು ಆ ಬಿಡುಗಡೆಯನ್ನು ಎತ್ತಿಹಿಡಿಯಿತು. ಕೋರ್ಟಿನ ಕಡತದ ಪ್ರಕಾರ ಆ ಏಳು ಜನರನ್ನು ಕೊಂದವರು ಯಾರೂ ಇಲ್ಲ. ಬಡ ಸಾಕ್ಷಿಯೊಬ್ಬ ಯಾಕೆ ತಿರುಗಿ ನಿಲ್ಲುತ್ತಾನೆ ಎಂಬುದು ಹಳ್ಳಿಯಲ್ಲಿ ಹುಟ್ಟಿದ ನಮಗೆ ವಿವರಿಸಿ ಹೇಳಬೇಕಿಲ್ಲ. ಅವರನ್ನು ದೂರುವುದೂ ಬೇಡ. ಆದರೆ ನ್ಯಾಯಾಲಯ ಉಳಿಸಲಾಗದ ನೆನಪನ್ನು ಉಳಿಸುವ ಹೊಣೆ ಆಗ ಯಾರ ಮೇಲೆ ಬೀಳುತ್ತದೆ? ದ್ವೇಷಕ್ಕಾಗಿ ಈ ನೆನಪು ಬೇಡ. ಇನ್ನೊಂದು ಊರು ಹಾಗಾಗದಿರಲಿ ಎಂಬ ಕರುಣೆಗಾಗಿ ಬೇಕು.

ಇನ್ನೊಂದು ಕಡೆ ಕೋಲಾರದ ಚಿನ್ನದ ಗಣಿ ಇದೆ. ನಾಗಪುರದ 1956ರ ದೀಕ್ಷೆಗೆ ಸುಮಾರು ಅರ್ಧ ಶತಮಾನ ಮೊದಲೇ, ಅಯೋತಿದಾಸ ಪಂಡಿತರ (1845–1914) ಶಾಕ್ಯ ಬೌದ್ಧ ಸಂಘದ ಶಾಖೆ ಕೆಜಿಎಫ್‌ನ ಮಾರಿಕುಪ್ಪಂನಲ್ಲಿ ಕೆಲಸ ಮಾಡುತ್ತಿತ್ತು. ಮಣ್ಣಿನಡಿ ಇಳಿದು ಚಿನ್ನ ತೆಗೆಯುವ ತಮಿಳು ಕಾರ್ಮಿಕರು ಮೇಲೆ ಬಂದು ಬುದ್ಧರನ್ನು ಓದುತ್ತಿದ್ದರು. 1907ರಲ್ಲಿ ಪಂಡಿತರು "ಒರು ಪೈಸಾ ತಮಿಳನ್" ಎಂಬ ವಾರಪತ್ರಿಕೆ ಶುರು ಮಾಡಿದರು. ಆಮೇಲೆ ದಶಕಗಟ್ಟಲೆ ಹೊರಗಿನ ಲೋಕ ಅವರನ್ನು ಮರೆತೇಬಿಟ್ಟಿತು. 1999ರಲ್ಲಿ ಜಿ. ಅಲೋಶಿಯಸ್ ಅವರು ಪಂಡಿತರ ಬರಹಗಳನ್ನು ಸಂಪುಟಗಳಾಗಿ ಹೊರತಂದ ಮೇಲೆ ಅವರು ಮತ್ತೆ ನಮ್ಮ ನಡುವೆ ಬಂದರು. ಹಳೆಯ ಸಂಚಿಕೆಗಳನ್ನು ಯಾರೋ ಎಸೆಯದೆ ಇಟ್ಟಿದ್ದರಿಂದಲೇ ಅದು ಆಯಿತು. ಇಟ್ಟವರಿಗೆ ತಾವು ಇತಿಹಾಸ ಕಾಯುತ್ತಿದ್ದೇವೆ ಎಂದು ಆಗ ಅನ್ನಿಸಿತ್ತೋ ಇಲ್ಲವೋ. ಅವರು ತೆಪ್ಪವನ್ನು ದಡದ ಮೇಲೆ ಎಳೆದಿಟ್ಟಿದ್ದರು.

*ಒಂದೇ ಪ್ರಶ್ನೆ*

ಹಾಗಾದರೆ ಯಾವುದನ್ನು ಅಳಿಸುವುದು? ನನಗೆ ತೋಚಿದ ಅಳತೆಗೋಲು ಒಂದೇ ಪ್ರಶ್ನೆ: *ನಾನು ಇದನ್ನು ಅಳಿಸಿದರೆ, ಇದು ಇನ್ನೆಲ್ಲಾದರೂ ಉಳಿದಿರುತ್ತದೆಯೇ?*

ಹೂವಿನ ನಡುವಿನ ಬುದ್ಧರ ಪಟ ಸಾವಿರಾರು ಫೋನಿನಲ್ಲಿದೆ. ಭಾಷಣದ ವಿಡಿಯೊ ಯೂಟ್ಯೂಬಿನಲ್ಲಿದೆ. ಅಳಿಸಿ, ಏನೂ ಕಳೆಯುವುದಿಲ್ಲ. ಆ ಅಮ್ಮನ ಅತ್ತೆಯ ದನಿ ಈ ಒಂದು ಟ್ಯಾಬಿನಲ್ಲಿ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. ಅದಕ್ಕೆ ನಾವೇ ಗತಿ. ಪವಿತ್ರ ಚಿತ್ರ ಎಂಬ ಕಾರಣಕ್ಕೆ ಮೊದಲನೆಯದನ್ನು ಅಳಿಸಲು ಕೈ ನಡುಗುತ್ತದೆ, ಮುದುಕಿಯ ಗೊಣಗಾಟ ಎಂದು ಎರಡನೆಯದು ಸುಲಭವಾಗಿ ಹೋಗುತ್ತದೆ. ಇದು ತಿರುಗುಮುರುಗಾಗಬೇಕು. ಬುದ್ಧರ ಪಟ ಅಳಿಸಿದರೆ ಬುದ್ಧರಿಗೆ ಅವಮಾನವಿಲ್ಲ.

ನಮ್ಮ ಕಡೆ ರೇಷ್ಮೆ ಹುಳು ಸಾಕುವವರಿಗೆ ಇದು ಹೊಸದಲ್ಲ. ತಿಂದು ಬಿಟ್ಟ ಸೊಪ್ಪು, ಹಿಕ್ಕೆ ತಟ್ಟೆಯಲ್ಲೇ ಉಳಿದರೆ ಹುಳುವಿಗೆ ರೋಗ ಬರುತ್ತದೆ. ಕಸ ತೆಗೆಯಲೇಬೇಕು. ಆದರೆ ಕಸದ ಜೊತೆ ಹುಳುವನ್ನೂ ಗುಡಿಸಿ ತಿಪ್ಪೆಗೆ ಹಾಕುವವರು ಯಾರಾದರೂ ಇದ್ದಾರೆಯೇ? ಫ್ಯಾಕ್ಟರಿ ರೀಸೆಟ್ ಎಂದರೆ ತಟ್ಟೆಯನ್ನೇ ಮಗುಚುವುದು.

*ನಾಲ್ಕು ಪ್ರಯತ್ನ, ಟ್ಯಾಬಿನ ಮೇಲೆ*

ಸಮ್ಮಾ ವಾಯಾಮದಲ್ಲಿ ಬುದ್ಧರು ಹೇಳಿದ ನಾಲ್ಕು ಪ್ರಯತ್ನಗಳನ್ನು ಈ ವಾರ ಟ್ಯಾಬಿಗೂ ನಮ್ಮ ನಮ್ಮ ಫೋನಿಗೂ ಹೀಗೆ ಅನ್ವಯಿಸೋಣ.

*1. ಬಾರದಿರುವ ಕೆಡುಕು ಬಾರದಂತೆ ತಡೆಯುವುದು.* ವಾಟ್ಸ್ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ "ಸ್ಟೋರೇಜ್ ಅಂಡ್ ಡೇಟಾ" ಎಂಬಲ್ಲಿಗೆ ಹೋಗಿ ಫೋಟೊ, ಆಡಿಯೊ, ವಿಡಿಯೊ ತಾವಾಗಿ ಇಳಿಯುವುದನ್ನು ನಿಲ್ಲಿಸಿ. ಬೇಕಾದದ್ದನ್ನು ಮುಟ್ಟಿದರೆ ಅದು ಮಾತ್ರ ಇಳಿಯುತ್ತದೆ. ಇಂದ್ರಿಯಗಳ ಬಾಗಿಲು ಕಾಯುವುದು ಎಂದರೆ ಇದೇ.

*2. ಬಂದಿರುವ ಕೆಡುಕನ್ನು ಬಿಡುವುದು.* ಅಲ್ಲೇ "ಮ್ಯಾನೇಜ್ ಸ್ಟೋರೇಜ್" ಇದೆ. ಹಲವು ಸಲ ಫಾರ್ವರ್ಡ್ ಆದವು, 5 ಎಂಬಿಗಿಂತ ದೊಡ್ಡವು ಎಂದು ಅದೇ ವಿಂಗಡಿಸಿ ತೋರಿಸುತ್ತದೆ. ನೋಡಿ ಅಳಿಸಿ. ಆಮೇಲೆ ಗ್ಯಾಲರಿಯ ಕಸದ ಬುಟ್ಟಿಯನ್ನೂ ಖಾಲಿ ಮಾಡಿ. ಅಳಿಸಿದ್ದು ಒಂದಷ್ಟು ದಿನ ಆ ಬುಟ್ಟಿಯಲ್ಲೇ ಕೂತು ಜಾಗ ತಿನ್ನುತ್ತಿರುತ್ತದೆ. ಬಿಟ್ಟೆ ಎಂದು ಬಾಯಲ್ಲಿ ಹೇಳಿ ಮನಸ್ಸಿನಲ್ಲಿ ಇಟ್ಟುಕೊಂಡ ಸಿಟ್ಟಿನ ಹಾಗೆ. ಬಳಸದ ಆ್ಯಪ್‌ಗಳನ್ನು ತೆಗೆಯಿರಿ. ಒಂದು ಎಚ್ಚರ: "ಕ್ಲಿಯರ್ ಕ್ಯಾಶೆ" ಮತ್ತು "ಕ್ಲಿಯರ್ ಡೇಟಾ" ಅಕ್ಕಪಕ್ಕದಲ್ಲಿರುತ್ತವೆ. ಮೊದಲನೆಯದು ತಾತ್ಕಾಲಿಕ ಕಸವನ್ನಷ್ಟೇ ತೆಗೆಯುತ್ತದೆ. ಎರಡನೆಯದು ಆ ಆ್ಯಪ್ ಇಟ್ಟುಕೊಂಡಿದ್ದ ಎಲ್ಲವನ್ನೂ ಒರೆಸಿಹಾಕುತ್ತದೆ. ಇನ್ನು ತೆರೆದ ಆ್ಯಪ್‌ಗಳನ್ನು ಪದೇ ಪದೇ ಒರೆಸಿ ಮುಚ್ಚುವುದರಿಂದ ಹೆಚ್ಚು ಲಾಭವಿಲ್ಲ. ಮೇಜನ್ನು ಆಂಡ್ರಾಯ್ಡ್ ತಾನೇ ನೋಡಿಕೊಳ್ಳುತ್ತದೆ. ಆಗಾಗ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸಾಕು. ನಮಗೂ ನಿದ್ದೆ, ಆನಾಪಾನ ಬೇಕಲ್ಲವೇ!

*3. ಇಲ್ಲದಿರುವ ಒಳಿತನ್ನು ತರುವುದು.* ಜಾಗ ಖಾಲಿಯಾದ ಮೇಲೆ ಅದನ್ನು ಯಾವುದಕ್ಕೆ ಬಳಸುತ್ತೇವೆ? ಮನೆಯ ಹಿರಿಯರ ಮುಂದೆ ಫೋನ್ ಇಟ್ಟು, "ಅಜ್ಜಿ, ನಿಮ್ಮ ಕಾಲದಲ್ಲಿ ನೀರು ಹೆಂಗೆ ತರ್ತಿದ್ರಿ? ಜೀತ ಹೆಂಗೆ ಬಿಟ್ರಿ? ಮೊದಲು ಸ್ಕೂಲಿಗೆ ಹೋದೋರು ಯಾರು?" ಎಂದು ಕೇಳಿ ರೆಕಾರ್ಡ್ ಮಾಡಿ. ಯಾರು, ಯಾವ ಊರು, ಯಾವ ದಿನ ಎಂಬುದನ್ನು ಫೈಲಿನ ಹೆಸರಿನಲ್ಲೇ ಬರೆಯಿರಿ. ಹೆಸರಿಲ್ಲದ ಫೈಲು ಅರ್ಧ ಕಳೆದುಹೋದಂತೆಯೇ.

*4. ಇರುವ ಒಳಿತನ್ನು ಕಾಪಾಡುವುದು.* ಟ್ಯಾಬ್ ನಮ್ಮ ತಲೆ, ಅದನ್ನು ಹಗುರ ಮಾಡೋಣ. ಉಳಿಸಬೇಕಾದದ್ದನ್ನು ದಡಕ್ಕೆ ಎಳೆದಿಡೋಣ: ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಇನ್ನೊಂದು ಬೇರೆ ಮನೆಯ ಕಂಪ್ಯೂಟರಿನಲ್ಲಿ. ಗೂಗಲ್ 15 ಜಿಬಿ ಉಚಿತ ಜಾಗ ಕೊಡುತ್ತದೆ, ದನಿಯ ಫೈಲುಗಳಿಗೆ ಅದು ಧಾರಾಳ. ನಕಲು ಸರಿಯಾಗಿ ತೆರೆಯುತ್ತದೆಯೇ ಎಂದು ಕೇಳಿ ನೋಡಿದ ಮೇಲೆಯೇ ಮೂಲವನ್ನು ಅಳಿಸಬೇಕು. ಕಾಠಿಯಾವಾಡದ ಆ ಮೇಷ್ಟ್ರನ್ನೂ ಮರೆಯುವುದು ಬೇಡ. ಹಿರಿಯರು "ಇದು ಹೊರಗೆ ಹೋಗಬಾರದು" ಎಂದರೆ ಹೋಗಬಾರದು. ಉಳಿಸುವುದೆಂದರೆ ಫಾರ್ವರ್ಡ್ ಮಾಡುವುದಲ್ಲ.

*ಕೊನೆಯ ದಡ*

ಪೆನ್‌ಡ್ರೈವೂ ಅನಿತ್ಯವೇ, ಗೂಗಲೂ ಅನಿತ್ಯವೇ ಎಂದು ಹುಡುಗ ಕೇಳುತ್ತಾನೆ. ನಿಜ. ಅದಕ್ಕೆ ಉತ್ತರ ನಮ್ಮ ಸಂಘದ ಮೊದಲ ಸಭೆಯಲ್ಲೇ ಇದೆ. ಮಹಾಪರಿನಿಬ್ಬಾಣದ ನಂತರ ರಾಜಗೃಹದಲ್ಲಿ 500 ಭಿಕ್ಖುಗಳು ಸೇರಿದರು. ಸುತ್ತಗಳನ್ನು ಆನಂದರು ನೆನಪಿನಿಂದ ಹೇಳಿದರು. ವಿನಯವನ್ನು ಹೇಳಿದವರು ಉಪಾಲಿ. ಶಾಕ್ಯರ ಮನೆಯಲ್ಲಿ ಕ್ಷೌರಿಕರಾಗಿದ್ದ ಉಪಾಲಿ! ಸಂಘದ ಇಡೀ ಶಿಸ್ತಿನ ನೆನಪು ಯಾರ ಬಳಿ ಇದೆ ಎಂದಾಗ ಎಲ್ಲರೂ ತಿರುಗಿದ್ದು ಕೆಳಗಿನವರೆಂದು ಲೋಕ ಎಣಿಸಿದ್ದ ಒಬ್ಬರ ಕಡೆಗೆ. ಆಮೇಲೆ ಶತಮಾನಗಳ ಕಾಲ ಧಮ್ಮ ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ದಾಟುತ್ತಾ ಉಳಿಯಿತು. ಓಲೆಗೆ ಇಳಿದದ್ದು ಬಹಳ ತಡವಾಗಿ, ಸಿಂಹಳದಲ್ಲಿ.

ಆದ್ದರಿಂದ ಉಳಿಸಿದ ದನಿಯನ್ನು ಬೀರುವಿನಲ್ಲಿ ಬೀಗ ಹಾಕಿ ಇಡುವುದು ಸಾಲದು. ಒಪ್ಪಿಗೆ ಇರುವವುಗಳನ್ನು ವರ್ಷಕ್ಕೊಮ್ಮೆ, ಡಿಸೆಂಬರ್ 6ರಂದೋ ಬುದ್ಧ ಪೂರ್ಣಿಮೆಯಂದೋ, ಬಳಗದ ಮಕ್ಕಳ ಮುಂದೆ ಕೇಳಿಸೋಣ. ಕೇಳಿದ ಮಗು ಇನ್ನೊಂದು ಮಗುವಿಗೆ ಹೇಳಿದರೆ ಅದು ಯಾವ ರೀಸೆಟ್ಟಿಗೂ ಸಿಗದ ಪ್ರತಿ.

*ಇಂದಿನ ಅಭ್ಯಾಸ:* ನಿಮ್ಮ ಫೋನಿನಿಂದ ಇಂದು ಎಲ್ಲೆಡೆ ಸಿಗುವ ಹತ್ತನ್ನು ಅಳಿಸಿ. ಎಲ್ಲೂ ಸಿಗದ ಒಂದನ್ನು ಹುಡುಕಿ, ಹೆಸರಿಟ್ಟು, ಇನ್ನೊಂದು ಕಡೆ ಪ್ರತಿ ಮಾಡಿ. ಈ ಚಿಂತನೆಯನ್ನೂ ಓದಿದ ಮೇಲೆ ಧಾರಾಳವಾಗಿ ಅಳಿಸಬಹುದು, ಇದು ಬೇರೆ ಫೋನುಗಳಲ್ಲಿ ಇದೆ.

*ಭಾನುವಾರದ ಚರ್ಚೆಗೆ:* ನಮ್ಮ ಮನೆಯ ಯಾವ ನೆನಪು ಈಗ ಒಬ್ಬರೇ ಒಬ್ಬರ ತಲೆಯಲ್ಲಿ ಮಾತ್ರ ಉಳಿದಿದೆ? ಅವರಿಗೆ ಈಗ ವಯಸ್ಸೆಷ್ಟು?

ಸಕಲ ಜೀವಿಗಳಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.